ಎದುರಾಳಿಯ ದುರ್ಬಲ ‘2 ಹಾರ್ಟ್’ಗೆ ಡಬಲ್ಲೋ, 2 ಸ್ಪೇಡೋ?

ಪ್ರಶ್ನೆ: ಸರ್, ನಮ್ಮ ಕ್ಲಬ್ಬಿನ ಡುಪ್ಲಿಕೇಟ್ ಬ್ರಿಡ್ಜ್ ಆಟದಲ್ಲಿ (ಎಲ್ಲ ಟೇಬಲ್‌ಗಳಲ್ಲೂ ಅದೇ ಎಲೆಗಳನ್ನು ಆಡಿ ಫಲಿತಾಂಶ ಹೋಲಿಸುವ ಇಸ್ಪೀಟಾಟ) ಎರಡೂ ಜೋಡಿಗಳು ನಾನ್-ವಲ್ನರಬಲ್ (ದಂಡವೂ ಬೋನಸ್ಸೂ ಕಡಿಮೆ ಇರುವ ಸ್ಥಿತಿ) ಆಗಿದ್ದಾಗ ಬಲಗಡೆಯ ಎದುರಾಳಿ ದುರ್ಬಲ 2 ಹಾರ್ಟ್‌ನಿಂದ (ಹಾರ್ಟ್ ಎಲೆ ಹೆಚ್ಚು, ಬಲ ಕಡಿಮೆ ಎಂಬ ಸೂಚನೆ) ಬಿಡ್, ಅಂದರೆ ಆಟಕ್ಕೆ ಮುಂಚಿನ ಹರಾಜು, ಆರಂಭಿಸಿದರು. ನನ್ನಲ್ಲಿ ಸ್ಪೇಡ್ ಎಕ್ಕ, ರಾಣಿ, 8, 5, 3. ಹಾರ್ಟ್ ಬರೀ 7. ಡೈಮಂಡ್ ರಾಜ, ಗುಲಾಮ, 6. ಕ್ಲಬ್ ಎಕ್ಕ, 10, 9, 4 ಇದ್ದವು. ಉಳಿದ ಮೂರು ಸೂಟ್‌ಗಳಿಗೂ ಬೆಂಬಲವಿದ್ದುದರಿಂದ ಟೇಕೌಟ್ ಡಬಲ್ (‘ನಿಮ್ಮ ಸೂಟ್ ಹೇಳಿ’ ಎಂದು ಪಾರ್ಟ್ನರ್‌ಗೆ ಕೋರಿಕೆ) ಹೇಳಿದೆ. ಪಾರ್ಟ್ನರ್ 3 ಡೈಮಂಡ್ ಹೇಳಿದರು, ಎಲ್ಲರೂ ಪಾಸ್. 11 ಟ್ರಿಕ್ ಬಂದರೂ ಸಿಕ್ಕಿದ್ದು 150 ಅಂಕ; ಪಕ್ಕದ ಟೇಬಲ್ಲಿನಲ್ಲಿ 4 ಸ್ಪೇಡ್ ಆಡಿ 450 ಪಡೆದಿದ್ದರು. ಪಾರ್ಟ್ನರ್ ಬಳಿ ಸ್ಪೇಡ್ ರಾಜ, ಗುಲಾಮ, 4 ಮತ್ತು ಡೈಮಂಡ್ ಎಕ್ಕದ ಕೆಳಗೆ ಐದೆಲೆ, ಒಟ್ಟು 8 ಅಂಕ (ಎಕ್ಕ 4, ರಾಜ 3, ರಾಣಿ 2, ಗುಲಾಮ 1 ಎಂಬ ಎಲೆಗಳ ಲೆಕ್ಕ) ಇದ್ದವು. ಡಬಲ್ ತಪ್ಪೇ?

ಉತ್ತರ: ಆ ಕೈಗೆ ನಾನು 2 ಸ್ಪೇಡ್ ಹೇಳುತ್ತೇನೆ. ಡಬಲ್ ಹೇಳುವ ಮೊದಲು ಪಾರ್ಟ್ನರ್ ಕೊಡಬಹುದಾದ ಅತ್ಯಂತ ಇಕ್ಕಟ್ಟಿನ ಉತ್ತರ ಯಾವುದು, ಅದು ಬಂದರೆ ನಾನು ಮುಂದೇನು ಹೇಳಬಲ್ಲೆ ಎಂಬುದನ್ನು ನೋಡಬೇಕು. ಇಲ್ಲಿ ಆ ಉತ್ತರ 3 ಡೈಮಂಡ್. ಅದರ ಮೇಲೆ ನೀವು 3 ಸ್ಪೇಡ್ ಹೇಳಿದರೆ 17 ಅಥವಾ ಹೆಚ್ಚು ಅಂಕದ ಬಲವಾದ ಕೈ ಎಂದು ಅರ್ಥವಾಗುತ್ತದೆ, ನಿಮ್ಮಲ್ಲಿರುವುದು 14. ಹಾಗಾಗಿ ಪಾಸ್ ಮಾಡಲೇಬೇಕಾಯಿತು, ಐದೆಲೆಯ ಮೇಜರ್ ಸೂಟ್ (ಹೆಚ್ಚು ಬೆಲೆಯ ಸೂಟ್, ಇಲ್ಲಿ ಸ್ಪೇಡ್) ಪಾರ್ಟ್ನರ್‌ಗೆ ಗೊತ್ತಾಗಲೇ ಇಲ್ಲ. 2 ಸ್ಪೇಡ್ ಹೇಳಿದ್ದರೆ ಮೂರೆಲೆಯ ಬೆಂಬಲವಿರುವ ಪಾರ್ಟ್ನರ್ 3ಕ್ಕೆ ಏರಿಸುತ್ತಿದ್ದರು, ಹಾರ್ಟ್‌ನಲ್ಲಿ ಒಂಟಿ ಎಲೆ ಇರುವ ನೀವು 4ಕ್ಕೆ ಹೋಗುತ್ತಿದ್ದಿರಿ.

ಇದೇ ಕೈಯಲ್ಲಿ ಸ್ಪೇಡ್ ನಾಲ್ಕೇ ಇದ್ದು ಡೈಮಂಡ್ ಕೂಡ ನಾಲ್ಕಿದ್ದರೆ ಡಬಲ್ಲೇ ಸರಿ, ಏಕೆಂದರೆ ಆಗ ಯಾವ ಉತ್ತರ ಬಂದರೂ ನಾಲ್ಕೆಲೆಯ ಬೆಂಬಲ ಸಿದ್ಧವಿರುತ್ತದೆ. ಆರಂಭ 2 ಸ್ಪೇಡ್ ಆಗಿದ್ದರೆ ಲೆಕ್ಕ ಬದಲಾಗುತ್ತದೆ: ಹಾರ್ಟ್ ಹೇಳಲು ಮೂರನೇ ಮಟ್ಟಕ್ಕೆ ಏರಬೇಕಾದ್ದರಿಂದ ಆರೆಲೆ, ಇಲ್ಲವೇ ಬಹಳ ಗಟ್ಟಿಯಾದ ಐದೆಲೆ ಬೇಕು, ಸಾಧಾರಣ ಐದೆಲೆಯಾಗಿದ್ದರೆ ಡಬಲ್ ಮೇಲು.

ಅಂಕ ಕಡಿಮೆಯಾಯಿತೆಂದು ಹೆದರುವವರಿಗೆ ಒಂದು ಮಾತು. ಆರಂಭಿಸಿದವರಲ್ಲಿ ಸುಮಾರು 8, ನಿಮ್ಮಲ್ಲಿ 14 ಎಂದರೆ 40ರಲ್ಲಿ ಉಳಿಯುವುದು 18. ಅದರಲ್ಲಿ ಪಾರ್ಟ್ನರ್ ಪಾಲು ಸರಾಸರಿ 9. ಅವರ ಬಳಿ 7 ಅಥವಾ 8 ಇದೆಯೆಂದು ನಂಬಿ ಬಿಡ್ ಮಾಡುವುದು ವಾಡಿಕೆ. ಆ ಅಂಕವನ್ನು ನೀವು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿರುವುದರಿಂದ, ಪಾರ್ಟ್ನರ್ ಅದನ್ನೇ ಎರಡನೇ ಸಲ ಎಣಿಸಿ ಮೇಲೇರಬಾರದು.

ಮರುಪ್ರಶ್ನೆ: 3 ಅಂಕವಿದ್ದರೂ 3 ಡೈಮಂಡ್, 9 ಇದ್ದರೂ 3 ಡೈಮಂಡ್ ಎಂದರೆ ಡಬಲ್ ಹೇಳಿದವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಉತ್ತರ: ಇದಕ್ಕೆ ಲೆಬೆನ್‌ಸೋಲ್ ಎಂಬ ಒಪ್ಪಂದವಿದೆ. ಪಾರ್ಟ್ನರ್ ನೇರವಾಗಿ 3 ಕ್ಲಬ್ ಅಥವಾ 3 ಡೈಮಂಡ್ ಹೇಳಿದರೆ ಸುಮಾರು 8ರಿಂದ 11 ಅಂಕ. ಕೈ ದುರ್ಬಲವಾಗಿದ್ದರೆ ಮೊದಲು 2 ನೋಟ್ರಂಪ್ (ತುರುಫು ಇಲ್ಲದ ಆಟದ ಬಿಡ್) ಹೇಳಬೇಕು. ಅದು ನೋಟ್ರಂಪ್ ಆಡುವ ಆಸೆಯಲ್ಲ, ‘ನೀವು 3 ಕ್ಲಬ್ ಹೇಳಿ’ ಎಂಬ ಕೋರಿಕೆ. ಆಮೇಲೆ ಪಾಸ್ ಮಾಡಬಹುದು, ಇಲ್ಲವೇ 3 ಡೈಮಂಡ್‌ಗೆ ತಿದ್ದಬಹುದು. ಡಬಲ್ ಹೇಳಿದವರ ಕೈ ತೀರಾ ಬಲವಾಗಿದ್ದರೆ ಮಾತ್ರ 3 ಕ್ಲಬ್ ಹೇಳದೆ ತಮ್ಮದೇ ಸೂಟ್ ತೋರಿಸುತ್ತಾರೆ. 2 ಹಾರ್ಟ್ ಮೇಲಿನ ಡಬಲ್‌ಗೆ ದುರ್ಬಲ ಕೈಯಲ್ಲಿ ಸ್ಪೇಡ್ ಇದ್ದರೆ ಈ ಸುತ್ತು ಬೇಕಿಲ್ಲ, 2 ಸ್ಪೇಡ್ ಸಾಕು. ಆದರೆ ಮೊದಲು ಕೇಳಿದವರ ಕೈಯನ್ನು ಲೆಬೆನ್‌ಸೋಲ್ ಕೂಡ ಪೂರ್ತಿ ಉಳಿಸುತ್ತಿರಲಿಲ್ಲ: ಪಾರ್ಟ್ನರ್ ಬಳಿ 8 ಅಂಕವಿದೆ ಎಂದು ತಿಳಿಯುತ್ತಿತ್ತು, ಮೂರು ಸ್ಪೇಡ್ ಇವೆ ಎಂದು ತಿಳಿಯುತ್ತಿರಲಿಲ್ಲ.

ಇನ್ನೊಬ್ಬರ ಪ್ರಶ್ನೆ: ಸ್ಪೇಡ್ ಎಕ್ಕ, 6, ಹಾರ್ಟ್ ರಾಜ, ಗುಲಾಮ, 9, 4, ಡೈಮಂಡ್ ಎಕ್ಕ, 7, 3, 2, ಕ್ಲಬ್ ರಾಣಿ, 8, 5. ನನ್ನಲ್ಲೂ 14 ಅಂಕ, ಎದುರಾಳಿಯದು ಅದೇ 2 ಹಾರ್ಟ್. ದಂಡ ಹಾಕಲು ಡಬಲ್ ಹೇಳಬಹುದೇ?

ಉತ್ತರ: ಬೇಡ, ಪಾಸ್ ಮಾಡಿ. ನೀವು ಡಬಲ್ ಹೇಳಿದರೆ ಪಾರ್ಟ್ನರ್ ಅದನ್ನು ಟೇಕೌಟ್ ಎಂದೇ ಓದಿ ಸ್ಪೇಡ್ ಹೇಳುತ್ತಾರೆ, ನಿಮ್ಮಲ್ಲಿರುವುದು ಎರಡೇ ಎಲೆ. 2 ನೋಟ್ರಂಪ್‌ಗೆ ಸ್ಟಾಪರ್ (ಎದುರಾಳಿಯ ಸೂಟನ್ನು ತಡೆಯುವ ಎಲೆ) ಜೊತೆ 15ರಿಂದ 18 ಅಂಕ ಬೇಕು. ಒಂದು ಕಡಿಮೆಯಿರುವ ಈ ಕೈಯಲ್ಲಿ ಹಾರ್ಟ್ ಟ್ರಿಕ್‌ಗಳ ಬೆಲೆ ಹೆಚ್ಚುವುದು ಎದುರಾಳಿ ಹಾರ್ಟ್ ಆಡಿದಾಗ. ಮುಂದಿನವರೂ ಪಾಸ್ ಮಾಡಿದರೆ, ಹಾರ್ಟ್ ಕಡಿಮೆಯಿರುವ ಪಾರ್ಟ್ನರ್ ನಾಲ್ಕನೇ ಸ್ಥಾನದಿಂದ 10 ಅಥವಾ 11 ಅಂಕದಲ್ಲೂ ಡಬಲ್ ಹೇಳಬಹುದು. ಆಗ ನೀವು ಪಾಸ್ ಮಾಡಿದರೆ ಅದೇ ದಂಡದ ಡಬಲ್ ಆಗುತ್ತದೆ. ವಲ್ನರಬಲ್ ಇಲ್ಲದ ಎದುರಾಳಿ ಮೂರು ಟ್ರಿಕ್ ಸೋತರೆ ಡಬಲ್‌ನಲ್ಲಿ 500, ಡಬಲ್ ಇಲ್ಲದಿದ್ದರೆ 150.

ಆದರೆ ಪಾಸ್‌ನ ವೇಗದ ಬಗ್ಗೆ ಎಚ್ಚರವಿರಲಿ. ಸ್ಟಾಪ್ ಕಾರ್ಡ್ (ಜಿಗಿತದ ಬಿಡ್‌ಗೆ ಮುನ್ನ ತೋರಿಸುವ ಚೀಟಿ) ಬಳಸುವ ಕಡೆ ಇಂತಹ ಜಿಗಿತದ ಬಿಡ್ ನಂತರ ಯಾವ ಕೈಯಿದ್ದರೂ ಸುಮಾರು 10 ಸೆಕೆಂಡ್ ತಡೆದೇ ಹೇಳಬೇಕೆಂಬ ನಿಯಮ ಇರುತ್ತದೆ. ಖಾಲಿ ಕೈಯಲ್ಲಿ ತಟ್ಟನೆ, ಇಂತಹ ಕೈಯಲ್ಲಿ ತಡವಾಗಿ ಪಾಸ್ ಹೇಳುವ ಅಭ್ಯಾಸವಿದ್ದರೆ ಪಾರ್ಟ್ನರ್‌ಗೆ ಸಲ್ಲದ ಸುಳಿವು ಹೋಗುತ್ತದೆ, ಎದುರಾಳಿ ಆಟದ ತೀರ್ಪುಗಾರರಾದ ಡೈರೆಕ್ಟರ್ ಅವರನ್ನು ಕರೆಯಬಹುದು.