ಪೊಲೀಸರೇ ಇಲ್ಲದ ಕಾನೂನು ಓದಿ ಏನು ಪ್ರಯೋಜನ?

ಹಾವೇರಿ ಹುಡುಗಿ, ಎಲ್‌ಎಲ್‌ಬಿ:
ಐಚ್ಛಿಕ ವಿಷಯ ಆರಿಸಬೇಕು. ನನಗೆ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನು ಇಷ್ಟ. ಮನೆಯವರು ಬ್ಯಾಂಕಿಂಗ್ ತಗೋ ಅಂತಿದ್ದಾರೆ. ಓದ್ತಾ ಹೋದ ಹಾಗೆ ನನಗೂ ಅನುಮಾನ ಶುರುವಾಗಿದೆ. ಜಿನೀವಾದಲ್ಲಿ ವಿಶ್ವಸಂಸ್ಥೆಯ 18 ಜನರ ಮಾನವ ಹಕ್ಕುಗಳ ಸಮಿತಿ ಕೂತು ಅಭಿಪ್ರಾಯ ಬರೆಯುತ್ತೆ, ಅದನ್ನು ಹಿಡಿದು ಕೋರ್ಟಿನ ಅಮೀನನನ್ನು ಕಳಿಸೋಕಾಗಲ್ಲ. ಹಾಗಾದರೆ ಇದನ್ನು ಜಾರಿ ಮಾಡೋರು ಯಾರು?

ಧಾರವಾಡದ ವಕೀಲ:
ತಂಗಿ, ಜಿನೀವಾ ಆಮ್ಯಾಲೆ ನೋಡೂಣು. ಮೊದಲು 1993ರ ನೀಲಾಬತಿ ಬೆಹೆರಾ ತೀರ್ಪು ಓದು. 1987ರ ಡಿಸೆಂಬರ್‌ದಾಗ ಒಡಿಶಾದ ಪೊಲೀಸರು ಆಕಿ ಮಗನ್ನ ಹಿಡಕೊಂಡು ಹೋದ್ರು. 22 ವರ್ಷದ ಹುಡುಗ. ಮರುದಿನ ರೈಲು ಹಳಿ ಮ್ಯಾಲೆ ಹೆಣ ಸಿಕ್ತು, ಮೈತುಂಬ ಗಾಯ. ತಪ್ಪಿಸಿಕೊಂಡು ಓಡಿ ರೈಲಿಗೆ ಸಿಕ್ಕಾನ ಅಂತ ಪೊಲೀಸರ ವಾದ. ತಾಯಿ ಸುಪ್ರೀಂ ಕೋರ್ಟಿಗೆ ಪತ್ರ ಬರದ್ಲು. ಅದನ್ನೇ ಸಂವಿಧಾನದ 32ನೇ ವಿಧಿಯ ಅರ್ಜಿ ಅಂತ ತಗೊಂಡು ಒಂದೂವರೆ ಲಕ್ಷ ಪರಿಹಾರ ಕೊಡಿಸಿದ್ರು. ಪೀಠದಾಗ ನಮ್ಮ ಎನ್. ವೆಂಕಟಾಚಲ ಅವರೂ ಇದ್ರು. ಮುಂದ ಲೋಕಾಯುಕ್ತರಾಗಿ ಅಧಿಕಾರಿಗಳಿಗೆ ನಡುಕ ಹುಟ್ಟಿಸಿದ್ರಲ್ಲ, ಅವರೇ.

ನಿನ್ನ ಪ್ರಶ್ನೆಗೆ ಉತ್ತರ ಇರೂದು ಇಲ್ಲಿ. ನೀ ಹೇಳಿದ ಜಿನೀವಾ ಸಮಿತಿ ನೋಡಿಕೊಳ್ಳೂ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 9(5)ನೇ ವಿಧಿ, ಅಕ್ರಮವಾಗಿ ಬಂಧಿಸಿದ್ರ ಪರಿಹಾರ ಕೊಡಬೇಕು ಅಂತ ಹೇಳತೈತಿ. 1979ರಾಗ ಸೇರುವಾಗ ಭಾರತ ಸರಕಾರ, ನಮ್ಮ ಕಾನೂನಿನಾಗ ಅಂಥಾ ಹಕ್ಕಿಲ್ಲ ಅಂತ ಷರಾ ಬರದಿತ್ತು. ಕೋರ್ಟು ಅದೇ 9(5)ರ ಆಸರೆ ತಗೊಂತು. ಆ ಪೀಠದಾಗಿದ್ದ ಎ.ಎಸ್. ಆನಂದ್ 1996ರ ಡಿ.ಕೆ. ಬಸು ತೀರ್ಪಿನಾಗ, ಸರಕಾರದ ಷರಾಕ್ಕ ಇನ್ನ ಅರ್ಥ ಉಳಿದಿಲ್ಲ ಅಂತ ಬರದೇಬಿಟ್ರು. ಒಪ್ಪಂದಕ್ಕ ಸಹಿ ಹಾಕೂ ಸರಕಾರದ ಕೈಯಾಗಷ್ಟೇ ಅದು ಉಳಿಯೂದಿಲ್ಲ ನೋಡವಾ.

ನಿವೃತ್ತ ಬ್ಯಾಂಕ್ ನೌಕರ:
ಬ್ಯಾಂಕಿಂಗ್ ತಗೊಂಡರೂ ಇದು ಬಿಡುವುದಿಲ್ಲಮ್ಮ. 1980ರ ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣ ನೋಡಿ. ಕೋರ್ಟು ಡಿಕ್ರಿ ಮಾಡಿದ ಸಾಲದ ಹಣ ಕಟ್ಟದವರನ್ನು ಸುಮ್ಮನೆ ಜೈಲಿಗೆ ಹಾಕುವಂತಿಲ್ಲ, ಇದ್ದೂ ಕೊಡದ ದುರುದ್ದೇಶ ಕಾಣಬೇಕು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದ್ದು ಅದೇ ಒಡಂಬಡಿಕೆಯ 11ನೇ ವಿಧಿಯನ್ನೂ ಮುಂದಿಟ್ಟುಕೊಂಡು.

ಸಂಶಯಪ್ರಾಣಿ:
ವಕೀಲರೇ, ಗೆದ್ದ ಕೇಸನ್ನೇ ಆರಿಸಿದ್ದೀರಿ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದನೆ ಇನ್ನೂ ಕೊಟ್ಟಿಲ್ಲ. ಜನಸಾಮಾನ್ಯರು ಮಾನವ ಹಕ್ಕುಗಳ ಸಮಿತಿಗೆ ದೂರು ಕೊಡಲು ಬೇಕಾದ, ನೀವು ಹೇಳಿದ ಒಡಂಬಡಿಕೆಯ ಐಚ್ಛಿಕ ಪ್ರೋಟೊಕಾಲ್‌ಗೂ ಸೇರಿಲ್ಲ. ನಮ್ಮ ವರದಿಯನ್ನು ಆ ಸಮಿತಿ 1997ರಲ್ಲಿ ಪರಿಶೀಲಿಸಿದ್ದು ಬಿಟ್ಟರೆ ಮತ್ತೆ 2024ರಲ್ಲೇ. ಈ ತಾಯಿ ಜಿನೀವಾಕ್ಕೆ ಪತ್ರ ಬರೆದಿದ್ದರೆ ದೂರು ಅಂತ ತಗೊಳ್ಳುತ್ತಲೂ ಇರಲಿಲ್ಲ.

ಧಾರವಾಡದ ವಕೀಲ:
ಖರೇ ಐತ್ರಿ, ಇದಕ್ಕ ನನ್ನ ಹತ್ರ ಉತ್ತರ ಇಲ್ಲ. ಆದ್ರ ಇಂಥಾ ದೂರಿಗೆ ಬಾಗಿಲು ತೆರೆದ ದೇಶದಾಗೂ ಕೆಲಸ ಅಲ್ಲಿಗೇ ಮುಗಿಯೂದಿಲ್ಲ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ರಾಜ್ಯದಾಗ ಇಬ್ಬರು ಗಂಡಸರು ಒಪ್ಪಿ ಕೂಡಿದ್ರೂ ಅಪರಾಧ ಇತ್ತು. ನಿಕೊಲಸ್ ಟೂನೆನ್ ದೂರು ಕೊಟ್ಟ, 1994ರಾಗ ಸಮಿತಿ ಅವನ ಪರ ಹೇಳ್ತು, ಆಸ್ಟ್ರೇಲಿಯಾದ ಸಂಸತ್ತು ಅದೇ ವರ್ಷ ಅದಕ್ಕ ತಕ್ಕಂಗ ಕಾಯ್ದೆನೂ ತಂತು. ಟ್ಯಾಸ್ಮೇನಿಯಾ ಜಗ್ಗಲಿಲ್ಲ. ವಿಷಯ ಆಸ್ಟ್ರೇಲಿಯಾದ ಹೈಕೋರ್ಟ್, ಅಂದ್ರ ಆ ದೇಶದ ಸರ್ವೋಚ್ಚ ಕೋರ್ಟಿನ ಮೆಟ್ಟಿಲು ಹತ್ತಿದ ಮ್ಯಾಲೇ, 1997ರಾಗ, ಆ ಕಲಂ ತಗದ್ರು. ಅಲ್ಲೂ ವಕೀಲರು ಬೇಕಾತು ನೋಡ್ರಿ.