ಪದಚರ್ಚೆ: ಮುಖವಾಡ, ಮುಖಕಮಲ, ಕವಚ — ದೇವರ ಒಡವೆ ಪಟ್ಟಿಯಲ್ಲಿ ಯಾವ ಮಾತು ಯಾವುದಕ್ಕೆ?

ಪ್ರಶ್ನೆ (ಕೊಪ್ಪಳ)

ದೇವಿ ಗುಡಿಯೊಂದರ ಹಳೆಯ ಒಡವೆ ಪಟ್ಟಿಯನ್ನು ಹೊಸದಾಗಿ ಬರೆಯಬೇಕಾಗಿದೆ. ಹಳೆಯ ಪುಸ್ತಕದಲ್ಲಿ ಒಂದು ಕಡೆ ‘ಬೆಳ್ಳಿ ಮುಖಕಮಲ’, ಇನ್ನೊಂದು ಕಡೆ ‘ಮುಖವಾಡ’, ಮತ್ತೊಂದು ಕಡೆ ‘ಕವಚ’ ಎಂದಿದೆ. ಮೂರೂ ಒಂದೇ ಏನು? ‘ಮುಖವಾಡ’ ಎಂಬುದು ದೇವರಿಗೆ ಒಪ್ಪುವ ಮಾತಲ್ಲ ಎಂದು ಕೆಲವು ಹಿರಿಯರ ತಕರಾರು. ‘ರತ್ನಖಚಿತ’ ಎಂದು ಯಾವುದನ್ನು ಬರೆಯಬಹುದು? ಒಡವೆಗೆ ನಮ್ಮ ಕಡೆ ಹೇಳುವ ‘ದಾಗಿನ’ ಎಂಬ ಮಾತು ಪಟ್ಟಿಯಲ್ಲಿ ಬರಬಹುದೇ? ತಿಳಿದವರು ಬಿಡಿಸಿ ಹೇಳಬೇಕು.

ಉತ್ತರ (ಬಳ್ಳಾರಿ)

ಸರ್, ಮೂರೂ ಒಂದಲ್ಲ. ಕವಚ ಮೈಗೆ ಹೊದಿಸುವ ತಗಡಿನ ಹೊದಿಕೆ. ಬೆಳ್ಳಿಯ ತಗಡನ್ನು ಅರಗಿನ ಮೇಲಿಟ್ಟು ಉಬ್ಬುಕೆಲಸ ಮಾಡಿ, ವಿಗ್ರಹದ ಅಳತೆಗೆ ಬಾಗಿಸಿರುತ್ತಾರೆ. ಎದೆ, ಕೈ, ಪಾದ ಬಿಡಿಬಿಡಿಯಾಗಿದ್ದು ಹಿಂದಿನಿಂದ ದಾರ ಹಾಕಿ ಬಿಗಿಯುವುದೇ ಹೆಚ್ಚು. ಹಾಗಾಗಿ ಪಟ್ಟಿಯಲ್ಲಿ ‘ಕವಚ 1’ ಎಂದು ಬರೆದು ಬಿಡಬಾರದು. ‘ಕವಚ 1, ತುಂಡು 5’ ಎಂದು ಬರೆದು, ಯಾವ ತುಂಡು ಎಷ್ಟು ತೂಕ ಎಂಬುದನ್ನೂ ಕಾಣಿಸಬೇಕು. ಒಂದು ಕೈ ಕಾಣೆಯಾದರೂ ‘ಕವಚ ಇದೆ’ ಎಂಬ ಬರಹ ಸುಳ್ಳಾಗುವುದಿಲ್ಲವಲ್ಲ, ತೊಂದರೆ ಇರುವುದು ಅಲ್ಲಿಯೇ.

ಮುಖವಾಡ, ಮುಖಕಮಲ ಎರಡೂ ಮುಖಕ್ಕೆ ಮಾತ್ರ. ವಸ್ತುವಿನಲ್ಲಿ ಭೇದವಿಲ್ಲ, ಗೌರವದಲ್ಲಿ ಇದೆ. ಮುಖವನ್ನು ಕಮಲವೆನ್ನುವುದು ಸ್ತುತಿಯ ರೂಢಿ. ಪಾದಕಮಲ, ಕರಕಮಲ ಇದ್ದಂತೆಯೇ ಇದು. ‘ಮುಖವಾಡ ಕಳಚಿತು’ ಎಂದರೆ ಇಂದು ಬಣ್ಣ ಬಯಲಾಯಿತು ಎಂದೇ ಅರ್ಥ, ಹಿರಿಯರ ಹಿಂಜರಿಕೆ ಅದಕ್ಕೇ. ಆದರೆ ಆ ಮಾತು ಹುಟ್ಟಿನಿಂದ ಕೀಳಲ್ಲ. ಹಳಗನ್ನಡದಲ್ಲಿ ಆನೆಯ ಮುಖಕ್ಕೆ ಹೊದಿಸುವ ಅಲಂಕಾರದ ಬಟ್ಟೆಗೆ ‘ಮೊಗವಡ’ ಎಂಬ ಮಾತಿದೆ, ಸಂಸ್ಕೃತದ ಮುಖಪಟದಿಂದ ಬಂದದ್ದು. ಮುಖಕ್ಕೆ ಹೊದಿಸುವುದು ಮರೆಮಾಚಲಿಕ್ಕೇ ಎಂಬ ಅನುಮಾನ ಅಲ್ಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಪಟ್ಟಿಯಲ್ಲಿ ‘ಮುಖಕಮಲ’ ಎಂದೇ ಬರೆಯಿರಿ, ಪಕ್ಕದಲ್ಲಿ ‘ರೂಢಿಯಲ್ಲಿ ಮುಖವಾಡ’ ಎಂದು ಸೇರಿಸಿ. ಹಳೆಯ ಪುಸ್ತಕದ ಮಾತನ್ನು ಅಳಿಸಿದರೆ ಮುಂದೆ ತಾಳೆ ನೋಡುವವರಿಗೆ ಎರಡು ವಸ್ತು ಇದ್ದವೇನೋ ಎಂಬ ಗೊಂದಲ ಹುಟ್ಟುತ್ತದೆ.

ಲಿಂಗಕ್ಕೆ ಇದೇ ಕೆಲಸ ಮಾಡುವ ‘ಕೊಳಗ’ ಎಂಬ ಮಾತು ಮೈಸೂರು ಕಡೆ ಇದೆ. ಅರಮನೆ ಆವರಣದ ತ್ರಿಣೇಶ್ವರನಿಗೆ ಶಿವರಾತ್ರಿಯಲ್ಲಿ ಚಿನ್ನದ ಕೊಳಗ ತೊಡಿಸುತ್ತಾರೆ. ಕಾಳು ಅಳೆಯುವ ಕೊಳಗದಂತೆ ದುಂಡಗೆ ಇದ್ದು, ಲಿಂಗದ ಮೇಲಿಂದ ಇಳಿಬಿಡುವಂಥದ್ದು. ನಮ್ಮ ಹಂಪಿಯ ವಿರೂಪಾಕ್ಷನಿಗಾದರೆ ಮುಖಕಮಲ ಎನ್ನುವುದೇ ರೂಢಿ. ಒಂದು ಎಚ್ಚರಿಕೆ: ವಿರೂಪಾಕ್ಷ ಗುಡಿಯಲ್ಲಿರುವ ಕೃಷ್ಣದೇವರಾಯನ 1510ರ ಶಾಸನ ನವರತ್ನದ ಹೊನ್ನಿನ ಕಮಲವನ್ನೂ ನಾಗಾಭರಣವನ್ನೂ ಕೊಟ್ಟದ್ದನ್ನು ಹೇಳುತ್ತದೆ. ಆ ‘ಕಮಲ’ವನ್ನು ಆತುರದಿಂದ ‘ಮುಖಕಮಲ’ ಎಂದು ಓದಿಬಿಡಬಾರದು. ಶಾಸನ ಕಮಲ ಎಂದಷ್ಟೇ ಹೇಳಿದರೆ ಕಮಲ ಎಂದೇ ಉಳಿಸಿಕೊಳ್ಳಬೇಕು.

ಇನ್ನು ರತ್ನಖಚಿತ. ಇಲ್ಲಿ ‘ಖಚಿತ’ ಎಂದರೆ ಕೂರಿಸಿದ, ಕೆತ್ತಿದ ಎಂದು. ನಾವು ದಿನವೂ ಬಳಸುವ ‘ನಿಶ್ಚಿತ’ ಎಂಬ ಅರ್ಥ ಬೇರೆ. ಪರೀಕ್ಷೆಯಾಗದ ಕೆಂಪುಕಲ್ಲನ್ನು ಮಾಣಿಕ್ಯ ಎಂದು ಬರೆಯುವುದು ತಪ್ಪು. ‘ಕೆಂಪು ಹರಳು 24, ಬಿಳಿ ಹರಳು 11, ಮುತ್ತು 8, ಖಾಲಿ ಮನೆ 2’ ಹೀಗೆ ಕಂಡದ್ದನ್ನು ಮಾತ್ರ ಬರೆಯಿರಿ. ಖಾಲಿ ಮನೆ ಎಂದರೆ ಹರಳು ಬಿದ್ದುಹೋದ ಗುಳಿ. ಅದನ್ನು ಬರೆಯದಿದ್ದರೆ ನಾಳೆ ಪೂಜಾರಿಯ ಮೇಲೆ ಗೂಬೆ ಕೂರುತ್ತದೆ.

ಹರಳು ಬೀಳುವುದಕ್ಕೆ ಕಾರಣವೂ ಉಂಟು. ಹಳೆಯ ಒಡವೆಗಳಲ್ಲಿ ಹರಳಿನ ಹಿಂಬದಿ ಮುಚ್ಚಿರುತ್ತದೆ: ಒಳಗೆ ಅರಗು, ಅದರ ಮೇಲೆ ಹೊಳಪಿನ ತೆಳು ಹಾಳೆ, ಮೇಲೆ ಹರಳು, ಸುತ್ತ ಒತ್ತಿದ ಕುಂದಣ, ಅಂದರೆ ಅಪ್ಪಟ ಚಿನ್ನ. ಬಿಸಿನೀರಿಗೆ ಹಾಕಿದರೆ, ಕರ್ಪೂರದಾರತಿ ತೀರ ಹತ್ತಿರ ಹಿಡಿದರೆ ಅರಗು ಮೆತ್ತಗಾಗಿ ಹರಳು ಅಲ್ಲಾಡುತ್ತದೆ. ನೀರು ಒಳಸೇರಿದರೆ ಹಾಳೆ ಮಂಕಾಗಿ ಕೆಂಪು ಹರಳು ಕಪ್ಪಗೆ ಕಾಣುತ್ತದೆ. ಮೊಸರು, ನಿಂಬೆಯ ಹುಳಿ ಮುತ್ತನ್ನು ತಿನ್ನುತ್ತದೆ. ಆದ್ದರಿಂದಲೇ ಅಭಿಷೇಕ ಮುಗಿದು, ವಿಗ್ರಹ ಒರೆಸಿ, ವಸ್ತ್ರ ಉಡಿಸಿದ ಮೇಲೆ ಆಭರಣ. ಪೂಜಾವಿಧಿಯ ಕ್ರಮವೂ ಅದೇ. ಒಡವೆ ಇಲ್ಲದ ಗುಡಿಯಲ್ಲಿ ‘ಆಭರಣಾರ್ಥೇ ಅಕ್ಷತಾನ್ ಸಮರ್ಪಯಾಮಿ’ ಎಂದು ಅಕ್ಕಿಕಾಳು ಹಾಕಿದರೂ ಆ ಜಾಗ ಅಲ್ಲಿಯೇ ಬರುತ್ತದೆ.

ಬೆಳ್ಳಿಯ ಕಣ್ಣು, ಮೂಗುಬಟ್ಟುಗಳನ್ನು ಕಲ್ಲಿಗೆ ಜೇನುಮೇಣದಿಂದ ಅಂಟಿಸುವ ಕಡೆ ನಮ್ಮ ಬೇಸಿಗೆಯಲ್ಲಿ ಮೇಣ ಜಾರುತ್ತದೆ, ದಿನವೂ ನೋಡಿಕೊಳ್ಳಬೇಕು. ಹೂವಿನ ಹಾರವನ್ನು ಕಿರೀಟದ ಕೊಂಡಿಗೆ ನೇತುಹಾಕಬಾರದು. ಭಾರಕ್ಕೆ ಮುಖಕಮಲ ಮುಂದಕ್ಕೆ ವಾಲಿ, ಕಿವಿಯ ಹತ್ತಿರ ತಗಡು ಸೀಳುತ್ತದೆ. ಬೆಳ್ಳಿ ಕಪ್ಪಾಯಿತೆಂದು ವಿಭೂತಿ ಹಾಕಿ ದಿನವೂ ಉಜ್ಜಿದರೆ ಉಬ್ಬುಕೆಲಸದ ಮೂಗು, ಹುಬ್ಬು ಸವೆಯುತ್ತವೆ. ಅಂಟುವಾಳದ ನೀರಿನಲ್ಲಿ ಮೆತ್ತಗೆ ತೊಳೆದು ಒಣಬಟ್ಟೆಯಲ್ಲಿ ಒತ್ತಿದರೆ ಸಾಕು. ಇದು ಹರಳಿಲ್ಲದ ಬೆಳ್ಳಿಗೆ ಮಾತ್ರ.

ಉತ್ತರ (ರಾಯಚೂರು)

ಮೇಲಿನವರು ಹೇಳಿದ್ದು ಸರಿ ಇದೆರೀ. ‘ದಾಗಿನ’ದ ಬಗ್ಗೆ ಎರಡು ಮಾತು. ಮನೆಯವರ ಕೊರಳಿನ ಬೋರಮಾಳ, ಟೀಕಿ, ಕೈಯ ಪಾಟ್ಲಿಗಳಿಗೆ ದಾಗಿನ ಎನ್ನುತ್ತೇವೆ; ಮರಾಠಿಯಲ್ಲೂ ಇರುವ ಮಾತು. ದೇವಿಗೆ ಹರಕೆಯಾಗಿ ಬಂದ ಬೋರಮಾಳವನ್ನು ಬೋರಮಾಳ ಎಂದೇ ಬರೆಯಿರಿ, ‘ಕಂಠಾಭರಣ’ ಎಂದು ತಿದ್ದಿದರೆ ಗುರುತೇ ಹೋಗುತ್ತದೆ. ಪಟ್ಟಿಯ ತಲೆಬರಹಕ್ಕೆ ಮಾತ್ರ ‘ಒಡವೆ’ ಒಳ್ಳೆಯದು. ಹಳಗನ್ನಡದಲ್ಲಿ ಒಡವೆ, ಒಡಮೆ ಎಂದರೆ ಆಸ್ತಿ, ಸ್ವತ್ತು ಎಂದೂ ಅರ್ಥವಿದೆ. ದೇವರ ಒಡವೆ ಎಂದರೆ ದೇವರ ಸ್ವತ್ತು ಎಂದೂ ಆಯಿತು. ತೊಡವು, ತೊಡಿಗೆಗಳು ತೊಡುವುದರಿಂದ ಬಂದವು, ಅವುಗಳಲ್ಲಿ ಈ ಅರ್ಥ ಇಲ್ಲ.

ಹಳೆಯ ಪುಸ್ತಕದಲ್ಲಿ ತೂಕ ತೊಲೆಯಲ್ಲಿದ್ದರೆ ಜೋಕೆ. ಹಳೆಯ ತೊಲೆ ಸುಮಾರು 11.66 ಗ್ರಾಂ, ಈಗ ಪೇಟೆಯಲ್ಲಿ 10 ಗ್ರಾಂಗೆ ತೊಲೆ ಎನ್ನುವುದುಂಟು. 50 ತೊಲೆಯ ಮುಖಕಮಲ ಹಳೆಯ ಲೆಕ್ಕದಲ್ಲಿ 583 ಗ್ರಾಂ, ಹೊಸದರಲ್ಲಿ 500. ಎರಡರ ನಡುವೆ 83 ಗ್ರಾಂ ಬೆಳ್ಳಿ ‘ಕಳುವಾದಂತೆ’ ಕಾಣುತ್ತದೆ. ಪತ್ತಾರರನ್ನು (ಅಕ್ಕಸಾಲಿಗರನ್ನು) ಕೂಡಿಸಿಕೊಂಡು ಗ್ರಾಂನಲ್ಲಿ ಹೊಸದಾಗಿ ತೂಗಿಸಿ, ‘ಹರಳು, ಅರಗು ಸಹಿತ’ ಎಂದು ಬರೆದು, ಹಳೆಯ ತೊಲೆಯ ಅಂಕಿಯನ್ನೂ ಪಕ್ಕದಲ್ಲೇ ಉಳಿಸಿರಿ.