ಪ್ರೆಸ್ ಡೈನೊಳಗೆ ಥ್ರೆಡ್ ಹಾಕುವಾಗ ಟ್ಯಾಪ್‌ಗೆ ಎಣ್ಣೆ ಉಣಿಸುವ ಬಗೆ

ಪ್ರಶ್ನೆ: ತುಮಕೂರಿನ ವಸಂತನರಸಾಪುರದ ನಮ್ಮ ಕಾರ್ಖಾನೆಯಲ್ಲಿ 2 ಮಿ.ಮೀ. ಉಕ್ಕಿನ ಬ್ರ್ಯಾಕೆಟ್‌ಗಳಿಗೆ ಪ್ರೋಗ್ರೆಸಿವ್ ಡೈನೊಳಗೇ (ಹಾಳೆ ಮುಂದೆ ಸರಿಯುತ್ತಾ ಹಂತಹಂತವಾಗಿ ಕೆಲಸವಾಗುವ ಪ್ರೆಸ್ ಅಚ್ಚು) ಫಾರ್ಮಿಂಗ್ ಟ್ಯಾಪ್‌ನಿಂದ ಎಂ5 ಥ್ರೆಡ್ (5 ಮಿ.ಮೀ. ಸ್ಕ್ರೂ ಕೂರುವ ಎಳೆ) ಹಾಕುತ್ತಿದ್ದು, ಹಾಳೆಗೆ ರೋಲರ್ ಹಚ್ಚುವ ಎಣ್ಣೆಯೊಂದನ್ನೇ ಅವಲಂಬಿಸಿದ್ದೇವೆ. ಟ್ಯಾಪ್‌ಗಳು ಬೇಗ ಸವೆದು ಮುರಿಯುತ್ತಿವೆ. ಟ್ಯಾಪ್‌ನೊಳಗಿಂದಲೇ ಎಣ್ಣೆ ಹರಿಸುವ ಯೂನಿಟ್ ಕೊಳ್ಳುವುದು ಸೂಕ್ತವೇ?

ಉತ್ತರ 1: ಸೂಕ್ತವೇ. ಫಾರ್ಮಿಂಗ್ ಟ್ಯಾಪ್ ಲೋಹವನ್ನು ಕತ್ತರಿಸದೆ ಒತ್ತಿ ಹರಿಸುವುದರಿಂದ ಡೈನಲ್ಲಿ ಚೂರು ಬೀಳುವುದಿಲ್ಲ, ಆದರೆ ಘರ್ಷಣೆಯೂ ತಿರುಚುಬಲವೂ ಹೆಚ್ಚು. ಹಾಳೆಯ ಮೇಲಿನ ತೆಳುವಾದ ಎಣ್ಣೆಪದರ ರಂಧ್ರದೊಳಕ್ಕೆ ಸಾಕಷ್ಟು ಇಳಿಯದು. ಪ್ರತಿ ಹೊಡೆತಕ್ಕೂ ಅಳತೆಯಷ್ಟು ಎಣ್ಣೆ ಟ್ಯಾಪ್‌ನ ಹಲ್ಲಿಗೇ ತಲುಪಬೇಕು.

ಉತ್ತರ 2: ಹಣ ಹಾಕುವ ಮೊದಲು ರಂಧ್ರವನ್ನು ಅಳೆಯಿರಿ ಎಂದು ಒತ್ತಿ ಹೇಳುತ್ತೇನೆ. ಕತ್ತರಿಸುವ ಟ್ಯಾಪ್‌ಗೆ 4.2 ಮಿ.ಮೀ. ವ್ಯಾಸದ ರಂಧ್ರ ಸಾಕಾದರೆ, ಫಾರ್ಮಿಂಗ್ ಟ್ಯಾಪ್‌ಗೆ ಸುಮಾರು 4.65 ಮಿ.ಮೀ. ಬೇಕು. ರಂಧ್ರ ಹೊಡೆಯುವ ಪಂಚ್ ಸವೆದು ರಂಧ್ರ ಕಿರಿದಾದರೆ ಯಾವ ಎಣ್ಣೆಯೂ ಟ್ಯಾಪನ್ನು ಉಳಿಸದು. ಪಂಚ್ ಮಾಡಿದ ರಂಧ್ರದ ಅಂಚು ಗಡುಸಾಗಿರುತ್ತದೆ ಎಂಬುದನ್ನೂ ಗಮನಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಟ್ಯಾಪ್ ಮುರಿದ ಕೂಡಲೇ ಪ್ರೆಸ್ ನಿಲ್ಲಿಸುವ ಸೆನ್ಸರ್ ಅಗತ್ಯವೇ?

ಉತ್ತರ 2: ಖಂಡಿತ ಅಗತ್ಯ. ಅದಿಲ್ಲದಿದ್ದರೆ ಥ್ರೆಡ್ ಇಲ್ಲದ ಬ್ರ್ಯಾಕೆಟ್‌ಗಳು ಗ್ರಾಹಕರವರೆಗೂ ಹೋಗುತ್ತವೆ, ಮುರಿದ ತುಂಡು ಡೈಯನ್ನೂ ಕೆಡಿಸಬಹುದು.